ಸಿಂಗಪುರದ ನದಿಗೆ ಒಂದು ಇಡೀ ಸಂಜೆ ಕೊಡಿ

ಬೆಂಗಳೂರಿನಿಂದ ಸಿಂಗಪುರಕ್ಕೆ ಹೊರಡುವ ಪ್ಯಾಕೇಜ್ ಪ್ರವಾಸಗಳಲ್ಲಿ ಕ್ಲಾರ್ಕ್ ಕೀ ಎಂಬ ಹೆಸರು ಬಂದರೂ ಅದು ದಿನದ ಕಟ್ಟಕಡೆಯ ಸಾಲಿನಲ್ಲಿ ಬರುತ್ತದೆ. ಬೆಳಿಗ್ಗೆಯಿಂದ ಸೆಂಟೋಸಾ ದ್ವೀಪ ಸುತ್ತಿ, ಮಕ್ಕಳು ಹೆಗಲ ಮೇಲೆ ನಿದ್ದೆ ಹೋದ ಮೇಲೆ ಬಸ್ಸು ನದಿಯ ಬಳಿ ನಿಲ್ಲುತ್ತದೆ. ಅರ್ಧ ಗಂಟೆ ಬಿಡುವು. ಬಣ್ಣದ ದೀಪಗಳ ಮುಂದೆ ನಾಲ್ಕು ಫೋಟೊ, ಹೋಟೆಲಿನ ಹೊರಗೆ ಇಟ್ಟ ಮೆನುವಿನ ಮೇಲೆ ಒಂದು ನೋಟ, ಬೆಲೆ ಕಂಡು ಹೌಹಾರಿ ಮತ್ತೆ ಬಸ್ಸು. ಊರಿಗೆ ಬಂದ ಮೇಲೆ, ಅಲ್ಲೇನಿದೆ, ಬರೀ ಬಾರುಗಳು ಎಂಬ ತೀರ್ಪು.

ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಆದರೆ ಅದು ಯಾಕೆ ಹುಟ್ಟುತ್ತದೆ ಎಂದು ಅರ್ಥವಾಗುತ್ತದೆ. ಕ್ಲಾರ್ಕ್ ಕೀ, ಬೋಟ್ ಕೀ, ರಾಬರ್ಟ್‌ಸನ್ ಕೀ ಎಂಬ ಮೂರು ಹಳೆಯ ದಕ್ಕೆಗಳು ಇವತ್ತು ಊಟ, ಕುಡಿತ, ಸಂಗೀತದ ತಾಣಗಳು. ಊಟವನ್ನೇ ಗುರಿಯಾಗಿಟ್ಟುಕೊಂಡು ಹೋದವರಿಗೆ ಅಲ್ಲಿ ಸಿಗುವುದು ದುಬಾರಿ ಊಟ ಮಾತ್ರ. ನದಿಯನ್ನು ನೋಡಲು ಹೋಗಿ, ಊಟವನ್ನು ಅದರ ನಡುವೆ ಹೊಂದಿಸಿಕೊಂಡವರಿಗೆ ಸಿಂಗಪುರದ ಇನ್ನೂರು ವರ್ಷದ ಕಥೆ ಒಂದೇ ಸಂಜೆಯಲ್ಲಿ ಕಾಲ್ನಡಿಗೆಯಲ್ಲೇ ದಕ್ಕುತ್ತದೆ. ಹಾಗಾಗಿ ಪ್ರವಾಸದ ಯೋಜನೆ ಹಾಕುವಾಗ ಈ ನದಿಗೆ ಅರ್ಧ ಗಂಟೆಯಲ್ಲ, ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಒಂದು ಪೂರ್ತಿ ಸಂಜೆ ಎತ್ತಿಡಿ.

ನದಿ ಎಂದೊಡನೆ ಕಾವೇರಿ, ತುಂಗಭದ್ರೆಯನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಸಿಂಗಪುರ ನದಿಯ ಉದ್ದ ಸುಮಾರು 3.2 ಕಿಲೋಮೀಟರ್, ಅಷ್ಟೆ. ಈ ದಡದಿಂದ ಕೂಗಿದರೆ ಆ ದಡಕ್ಕೆ ಕೇಳುತ್ತದೆ. 1819ರ ಜನವರಿಯಲ್ಲಿ ಸ್ಟ್ಯಾಂಫರ್ಡ್ ರಾಫಲ್ಸ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಬಂದಿಳಿದದ್ದು ಈ ಪುಟ್ಟ ನದಿಯ ಮುಖದ ಬಳಿ. ಅಲ್ಲಿಂದ 1867ರವರೆಗೆ ಸಿಂಗಪುರದ ಆಡಳಿತದ ಎಳೆ ಇದ್ದದ್ದು ಭಾರತದಲ್ಲಿ, ಕಲ್ಕತ್ತೆಯ ಕೈಯಲ್ಲಿ. ನದಿಯ ಸೇತುವೆಗಳ ಹೆಸರುಗಳಲ್ಲಿ ಅದರ ಗುರುತು ಈಗಲೂ ಇದೆ. ಎಲ್ಗಿನ್ ಸೇತುವೆಗೆ ಹೆಸರು ಕೊಟ್ಟ ಲಾರ್ಡ್ ಎಲ್ಗಿನ್ ಭಾರತದ ಗವರ್ನರ್ ಜನರಲ್. ಕ್ಯಾವನಾ ಸೇತುವೆಯ ಓರ್ಫರ್ ಕ್ಯಾವನಾ, ಭಾರತದ ಆಡಳಿತದಡಿ ಅಲ್ಲಿಗೆ ಹೋದ ಕೊನೆಯ ಗವರ್ನರ್.

ದೊಡ್ಡ ಹಡಗುಗಳು ಹೊರಗೆ ಸಮುದ್ರದಲ್ಲಿ ಲಂಗರು ಹಾಕುತ್ತಿದ್ದವು. ಅವುಗಳಿಂದ ಅಕ್ಕಿ, ರಬ್ಬರು, ಮೆಣಸು, ತವರವನ್ನು ಚಪ್ಪಟೆ ತಳದ ಮರದ ದೋಣಿಗಳಿಗೆ ಇಳಿಸಿಕೊಂಡು ನದಿಯೊಳಗೆ ತರುತ್ತಿದ್ದರು. ಬಮ್‌ಬೋಟ್ ಎಂದು ಪ್ರವಾಸಿಗರು ಇವತ್ತು ಕರೆಯುವ ದೋಣಿಗಳ ಹಿರಿಯರು ಇವೇ. ಹಲಗೆಯ ಮೇಲೆ ನಡೆದು ಬೆನ್ನಿನ ಮೇಲೆ ಮೂಟೆ ಹೊತ್ತು ಗೋದಾಮು ತುಂಬಿಸುತ್ತಿದ್ದ ಕೂಲಿಗಳು, ಗೋದಾಮಿನ ಒಡೆಯರಾದ ಚೀನೀ ವರ್ತಕರು, ಹತ್ತಿರದ ಮಾರ್ಕೆಟ್ ಸ್ಟ್ರೀಟಿನಲ್ಲಿ ನೆಲದ ಮೇಲೆ ಪೆಟ್ಟಿಗೆಯಿಟ್ಟು ಸಾಲ ಕೊಡುತ್ತಿದ್ದ ಚೆಟ್ಟಿಯಾರರು, ಇವರೆಲ್ಲ ಸೇರಿ ಕಟ್ಟಿದ ಊರು ಅದು. ಬೋಟ್ ಕೀಯ ಬಳಿ ನದಿ ಬಾಗಿ ಹೊಟ್ಟೆ ಉಬ್ಬಿದಂತೆ ಅಗಲವಾಗುತ್ತದೆ. ಆ ಆಕಾರ ಮೀನಿನ ಹೊಟ್ಟೆಯಂತಿದೆ, ಅಲ್ಲಿ ಅಂಗಡಿಯಿಟ್ಟವರಿಗೆ ಐಶ್ವರ್ಯ ಖಚಿತ ಎಂದು ಚೀನೀ ವ್ಯಾಪಾರಿಗಳು ನಂಬಿದ್ದರು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸಿಂಗಪುರದ ಹಡಗು ವ್ಯಾಪಾರದ ಬಹುಪಾಲು ಆ ದಕ್ಕೆಯಿಂದಲೇ ನಡೆಯುತ್ತಿತ್ತು.

ವ್ಯಾಪಾರ ಬೆಳೆದಂತೆ ನದಿ ಸತ್ತಿತು. ದೋಣಿಗಳ ಎಣ್ಣೆ, ದಡದ ಗುಡಿಸಲುಗಳ ಮಲಮೂತ್ರ, ಬೀದಿ ಬದಿಯ ತಿಂಡಿ ಗಾಡಿಗಳ ಎಂಜಲು, ಮೇಲ್ದಂಡೆಯ ಹಂದಿ ಮತ್ತು ಬಾತುಕೋಳಿ ಸಾಕಣೆಯ ಕೊಳಚೆ, ಎಲ್ಲ ಸೇರಿ ನೀರು ಕಪ್ಪಾಗಿ, ಮೂಗು ಮುಚ್ಚಿಕೊಳ್ಳದೆ ದಾಟಲಾಗದ ಸ್ಥಿತಿಗೆ ಬಂತು. 1977ರ ಫೆಬ್ರುವರಿಯಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಜಲಾಶಯವೊಂದರ ಉದ್ಘಾಟನೆಯಲ್ಲಿ ಮಾತನಾಡುತ್ತ, ಹತ್ತು ವರ್ಷದಲ್ಲಿ ಸಿಂಗಪುರ ಮತ್ತು ಕಲ್ಲಾಂಗ್ ನದಿಗಳಲ್ಲಿ ಜನ ಮೀನು ಹಿಡಿಯುವಂತಾಗಬೇಕು ಎಂದು ಅಧಿಕಾರಿಗಳ ಮುಂದೆ ಗುರಿಯಿಟ್ಟರು. ಕೆಲಸ ಶುರುವಾದದ್ದು ನೀರಿನಿಂದಲ್ಲ, ನೀರಿಗೆ ಕೊಳಕು ಬರುವ ಮೂಲಗಳಿಂದ. ಸುಮಾರು 26 ಸಾವಿರ ಕುಟುಂಬಗಳಿಗೆ ಸರ್ಕಾರಿ ಮನೆ ಕೊಟ್ಟು ಸ್ಥಳಾಂತರಿಸಿದರು. ಐದು ಸಾವಿರದಷ್ಟು ಬೀದಿ ವ್ಯಾಪಾರಿಗಳನ್ನು ನಲ್ಲಿ, ಚರಂಡಿ ಇರುವ ಆಹಾರ ಕೇಂದ್ರಗಳೊಳಗೆ ಕೂರಿಸಿದರು. ಹಂದಿ ಸಾಕಣೆ ನಿಂತಿತು. 1983ರಲ್ಲಿ ಸರಕು ದೋಣಿಗಳನ್ನೆಲ್ಲ ಪಾಸಿರ್ ಪಂಜಾಂಗ್‌ಗೆ ಕಳಿಸಿದರು. ಆಮೇಲೆ ತಳದ ಕೆಸರು ಎತ್ತಿದರು. 1987ರಲ್ಲಿ ಕೆಲಸ ಮುಗಿದಾಗ, ಪುನರ್ವಸತಿ ಪರಿಹಾರ ಬಿಟ್ಟು, ಆದ ಖರ್ಚು ಸುಮಾರು 17 ಕೋಟಿ ಸಿಂಗಪುರ ಡಾಲರ್.

ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಎಂಬ ಮಾತನ್ನು ನಾವು ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದ ಕೇಳುತ್ತಿದ್ದೇವೆ. ಆ ಮಾತು ಬಂದಾಗಲೆಲ್ಲ ಮೇಲ್ಸೇತುವೆ, ಗಾಜಿನ ಕಟ್ಟಡಗಳ ಚಿತ್ರವೇ ಮುಂದೆ ಬರುತ್ತದೆ. ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲಿ ಕೊಳಚೆಯಾಗಿ ಹರಿದು ಅರ್ಕಾವತಿ ಸೇರುವ ವೃಷಭಾವತಿಯನ್ನು ನೋಡಿದ ಯಾರಿಗಾದರೂ ಕ್ಲಾರ್ಕ್ ಕೀಯ ದಡದಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗದೆ ಇರದು. ದೀಪಗಳು ಬಂದದ್ದು ಕೊನೆಗೆ. ಚರಂಡಿ ಬಂದದ್ದು ಮೊದಲು.

ಅದೇ ಹೊತ್ತಿಗೆ ಇನ್ನೊಂದನ್ನೂ ಹೇಳಬೇಕು. ನೀರು ಶುದ್ಧವಾದಾಗ ನದಿಯನ್ನೇ ನಂಬಿದ್ದ ದೋಣಿಯವರು, ಮೂಟೆ ಹೊರುವವರು ದಡದಲ್ಲಿ ಉಳಿಯಲಿಲ್ಲ. 1972ರಲ್ಲಿ ತಾಂಜೋಂಗ್ ಪಗಾರ್‌ನಲ್ಲಿ ಕಂಟೇನರ್ ಬಂದರು ತೆರೆದಾಗಲೇ ಅವರ ಕಸುಬು ಸಣ್ಣದಾಗತೊಡಗಿತ್ತು ನಿಜ. ಆದರೂ ಒಂದೂವರೆ ಶತಮಾನ ಗಿಜಿಗುಡುತ್ತಿದ್ದ ನದಿ ಒಮ್ಮೆಲೇ ಖಾಲಿಯಾಯಿತು. ಆ ಖಾಲಿತನವನ್ನು ತುಂಬಲು ಬಂದದ್ದೇ ಊಟ ಮತ್ತು ಮನರಂಜನೆ. 1989ರಲ್ಲಿ ಬೋಟ್ ಕೀಯ ಹಳೆಯ ಅಂಗಡಿಮನೆಗಳನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. 1993ರಲ್ಲಿ ಕ್ಲಾರ್ಕ್ ಕೀಯ ಐದು ಸಾಲು ಗೋದಾಮುಗಳು ಬಣ್ಣ ಬಳಿದುಕೊಂಡು ಹೋಟೆಲುಗಳಾಗಿ ತೆರೆದವು. 2006ರ ನವೀಕರಣದಲ್ಲಿ ಓಣಿಗಳ ಮೇಲೆ ಬೃಹತ್ ಕೊಡೆಗಳಂಥ ಪಾರದರ್ಶಕ ಚಾವಣಿ, ನೀರಿನ ಮೇಲೆ ಚಾಚಿಕೊಂಡ ಊಟದ ಜಗಲಿಗಳು ಬಂದವು. 2024ರ ಏಪ್ರಿಲ್‌ನಲ್ಲಿ, ಮತ್ತೊಂದು ದೊಡ್ಡ ನವೀಕರಣದ ನಂತರ, ರಾತ್ರಿಯ ಜಾಗವಾಗಿದ್ದ ಅದನ್ನು ಹಗಲಿನಲ್ಲೂ ಕುಟುಂಬಗಳು ಬರುವ ಜಾಗವಾಗಿಸುವ ಉದ್ದೇಶದಿಂದ ಹೊಸದಾಗಿ ಆರಂಭಿಸಿದ್ದಾರೆ.

ಇಷ್ಟು ತಿಳಿದಿದ್ದರೆ ಸಂಜೆಯ ಯೋಜನೆ ತಾನಾಗಿ ರೂಪುಗೊಳ್ಳುತ್ತದೆ.

ಮೊದಲ ಪ್ರಶ್ನೆ ಹೊತ್ತಿನದು. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಸಮಭಾಜಕಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಸೂರ್ಯ ಮುಳುಗುವುದು ಸಂಜೆ ಏಳರ ಆಸುಪಾಸಿನಲ್ಲೇ. ನಮ್ಮ ಹೊಟ್ಟೆಯ ಗಡಿಯಾರಕ್ಕೆ ಅಲ್ಲಿಯ ರಾತ್ರಿ ಎಂಟೂವರೆ ಇನ್ನೂ ಸಂಜೆ ಆರು. ಹಸಿವಿಲ್ಲ ಎಂದು ಊಟ ಮುಂದೂಡಿ, ಹಸಿವಾಗುವ ಹೊತ್ತಿಗೆ ಅಡುಗೆಮನೆ ಮುಚ್ಚಿದ್ದು ಕಂಡು ಪೇಚಾಡುವವರು ಅಲ್ಲಿ ಬಹಳ. ಶುಕ್ರವಾರ, ಶನಿವಾರ ರಾತ್ರಿ ಜನಜಂಗುಳಿ, ಸದ್ದು ಎರಡೂ ಹೆಚ್ಚು. ಮಕ್ಕಳು, ವಯಸ್ಸಾದ ತಂದೆತಾಯಿಯರ ಜೊತೆ ಹೋಗುವವರು ಸೋಮವಾರದಿಂದ ಗುರುವಾರದೊಳಗಿನ ಒಂದು ದಿನ ಆರಿಸಿಕೊಳ್ಳುವುದು ಒಳಿತು. ಮಧ್ಯಾಹ್ನದ ಗುಡುಗು ಮಳೆ ಅಲ್ಲಿ ಮಾಮೂಲು. ನವೆಂಬರ್‌ನಿಂದ ಜನವರಿಯವರೆಗೆ ಇನ್ನೂ ಜೋರು. ಮಳೆ ಹಿಡಿದರೆ ಕ್ಲಾರ್ಕ್ ಕೀಯ ಚಾವಣಿಯಡಿ ನಿಲ್ಲಬಹುದು, ಬೋಟ್ ಕೀಯಲ್ಲಿ ಆ ಅನುಕೂಲ ಕಡಿಮೆ. ಒಂದು ಕೊಡೆ ಜೊತೆಗಿರಲಿ.

ಎರಡನೆಯದು, ಎಲ್ಲಿಂದ ಆರಂಭಿಸಬೇಕು. ಎಲ್ಲರೂ ಕ್ಲಾರ್ಕ್ ಕೀ ಮೆಟ್ರೊ ನಿಲ್ದಾಣದಲ್ಲಿ ಇಳಿದು ಅಲ್ಲೇ ಸುತ್ತುತ್ತಾರೆ. ನನ್ನ ಸಲಹೆ ಬೇರೆ. ನದಿಯ ಮೇಲ್ಭಾಗದ ರಾಬರ್ಟ್‌ಸನ್ ಕೀಯಿಂದ ಹೊರಟು ನೀರು ಹರಿಯುವ ದಿಕ್ಕಿನಲ್ಲೇ ಕೆಳಗೆ ನಡೆಯಿರಿ. ಸಂಜೆ ಐದಕ್ಕೆ ಅಲ್ಲಿ ನಾಯಿ ಕರೆದುಕೊಂಡು ಓಡಾಡುವವರು, ಸೈಕಲ್ ಹೊಡೆಯುವ ಮಕ್ಕಳು, ಮರದ ನೆರಳು. ಆಲ್ಕಾಫ್ ಎಂಬ ಕಾಲುಸೇತುವೆ ಹಳೆಯ ಸರಕು ದೋಣಿಯ ಆಕಾರದಲ್ಲಿದೆ. ಅದರ ತುಂಬ ವೃತ್ತಗಳು, ಪಟ್ಟೆಗಳು, ಕಣ್ಣು ಕೋರೈಸುವ ಬಣ್ಣಗಳು. ಫಿಲಿಪ್ಪೀನ್ಸ್ ಮೂಲದ ಕಲಾವಿದೆ ಪಸಿಟಾ ಅಬಾದ್ 2004ರಲ್ಲಿ, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಲೇ, ಈ ಸೇತುವೆಯನ್ನು ಬಣ್ಣದಲ್ಲಿ ಮುಳುಗಿಸಿದರು. ಅದೇ ವರ್ಷದ ಕೊನೆಗೆ ತೀರಿಕೊಂಡರು. ಆ ನದಿಯ ಮೇಲೆ ನನಗೆ ಅತ್ಯಂತ ಪ್ರಿಯವಾದ ಕಟ್ಟಡ ಯಾವುದೆಂದು ಕೇಳಿದರೆ ಗಗನಚುಂಬಿಗಳನ್ನು ಬಿಟ್ಟು ಈ ಪುಟ್ಟ ಸೇತುವೆಯನ್ನೇ ತೋರಿಸುತ್ತೇನೆ.

ಅಲ್ಲಿಂದ ಕೆಳಗೆ ಬಂದರೆ ಕ್ಲಾರ್ಕ್ ಕೀ. 1873ರಿಂದ 1875ರವರೆಗೆ ಗವರ್ನರ್ ಆಗಿದ್ದ ಆಂಡ್ರ್ಯೂ ಕ್ಲಾರ್ಕ್ ಹೆಸರು ಅದಕ್ಕೆ. ಗೋದಾಮುಗಳ ಗೋಡೆ, ಕಿಟಕಿ, ಹೆಂಚು ನೋಡಲು ಬೆಳಕಿರುವಾಗಲೇ ಅಲ್ಲಿರಬೇಕು. ಕತ್ತಲಾದ ಮೇಲೆ ದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಪಕ್ಕದ ರೀಡ್ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಹಿಂದೆ ಸಂಜೆಯಾದರೆ ಟಿಯೋಚ್ಯೂ ಭಾಷೆಯ ಕಥೆಗಾರರು ಅಲ್ಲಿ ಬಂದು ಕೂರುತ್ತಿದ್ದರು. ದಿನವಿಡೀ ಮೂಟೆ ಹೊತ್ತ ಕೂಲಿಗಳು ಸುತ್ತ ನೆರೆಯುತ್ತಿದ್ದರು. ಊದಿನಕಡ್ಡಿ ಹಚ್ಚಿಟ್ಟು ಕಥೆ ಆರಂಭ, ಕಡ್ಡಿ ಉರಿದು ಮುಗಿಯುವ ಹೊತ್ತಿಗೆ ಕಥೆ ಕುತೂಹಲದ ತುದಿಯಲ್ಲಿ ನಿಲುಗಡೆ, ಕಾಸು ಸಂಗ್ರಹ, ಮತ್ತೊಂದು ಕಡ್ಡಿ. ಈ ದಡಕ್ಕೆ ಮನರಂಜನೆ 1993ರಲ್ಲಿ ಬಂದದ್ದಲ್ಲ. ಅದು ಅಲ್ಲಿ ಮೊದಲಿನಿಂದಲೂ ಇತ್ತು, ಬಡವರ ಕೈಗೆಟುಕುವ ದರದಲ್ಲಿ.

ಸೂರ್ಯ ಮುಳುಗುವ ಹೊತ್ತಿಗೆ ದೋಣಿ ಹತ್ತಿ. ಸುಮಾರು ನಲವತ್ತು ನಿಮಿಷದ ಸುತ್ತು. ಹೋಗುವಾಗ ಹಗಲು, ಬರುವಾಗ ರಾತ್ರಿ, ಒಂದೇ ಟಿಕೆಟ್‌ನಲ್ಲಿ ಎರಡೂ. ದೋಣಿಯ ಮೂತಿಗೆ ಎರಡು ಕಣ್ಣು ಬರೆದಿರುವುದನ್ನು ಮಕ್ಕಳಿಗೆ ತೋರಿಸಿ. ದಾರಿ ತಪ್ಪದಂತೆ ದೋಣಿ ತಾನೇ ನೋಡಿಕೊಳ್ಳಲಿ ಎಂಬ ನಂಬಿಕೆ ಅದು. ಕ್ಯಾವನಾ ಸೇತುವೆಯಡಿ ಸಾಗುವಾಗ ಮೇಲೆ ನೋಡಿ. ಅದರ ಕಬ್ಬಿಣ ಗ್ಲಾಸ್ಗೋದಿಂದ ಬಂದದ್ದು, ಅದನ್ನು 1869ರಲ್ಲಿ ಜೋಡಿಸಿ ನಿಲ್ಲಿಸಿದವರು ಭಾರತದಿಂದ ಗಡಿಪಾರಾಗಿ ಬಂದ ಕೈದಿಗಳು. 1825ರಿಂದ 1873ರವರೆಗೆ ಸಿಂಗಪುರದ ರಸ್ತೆ, ಚರ್ಚು, ಕಚೇರಿಗಳನ್ನು ಕಟ್ಟಿದ ಈ ಕೈಗಳ ಬಗ್ಗೆ ನಮ್ಮ ಪ್ರವಾಸಿಗರಿಗೆ ಯಾರೂ ಹೇಳುವುದಿಲ್ಲ. ಸೇತುವೆ ತಗ್ಗಾದ್ದರಿಂದ ಭರತದ ವೇಳೆ ದೋಣಿಗಳು ನೀರಿಳಿಯುವವರೆಗೆ ಕಾಯಬೇಕಾಗಿತ್ತು. ಈಗ ಆ ತೊಂದರೆಯಿಲ್ಲ. 2008ರಲ್ಲಿ ಮರೀನಾ ಬ್ಯಾರೇಜ್ ಕಟ್ಟಿದ ಮೇಲೆ ಸಮುದ್ರದ ನೀರು ಒಳಗೆ ಬರುವುದಿಲ್ಲ. ನೀವು ದೋಣಿಯಲ್ಲಿ ಸಾಗುತ್ತಿರುವುದು ಒಂದು ಸಿಹಿನೀರಿನ ಜಲಾಶಯದ ಮೇಲೆ, ಊರಿನ ಜನ ಕುಡಿಯುವ ನೀರಿನ ಮೂಲವೊಂದರ ಮೇಲೆ. ಅದೃಷ್ಟವಿದ್ದರೆ ನೀರುನಾಯಿಗಳ ಸಂಸಾರವೊಂದು ದಡ ಹತ್ತುವುದು ಕಂಡೀತು.

ದೋಣಿ ಮೆರ್ಲಯನ್ ಪ್ರತಿಮೆಯ ಮುಂದೆ ತಿರುಗುತ್ತದೆ. ಸಿಂಹದ ತಲೆ, ಮೀನಿನ ದೇಹದ ಈ 8.6 ಮೀಟರ್ ಎತ್ತರದ ಪ್ರತಿಮೆಯನ್ನು 1972ರಲ್ಲಿ ನದಿಯ ಬಾಯಲ್ಲಿ ನಿಲ್ಲಿಸಿದ್ದರು. ಮುಂದೆ ಎಸ್‌ಪ್ಲನೇಡ್ ಸೇತುವೆ ಅಡ್ಡ ಬಂದು ಸಮುದ್ರದ ಕಡೆಯಿಂದ ಕಾಣದಾದಾಗ 2002ರಲ್ಲಿ ಈಗಿನ ಜಾಗಕ್ಕೆ ತಂದರು.

ಈಗ ಊಟದ ಮಾತು. ನೇರವಾಗಿ ಹೇಳುತ್ತೇನೆ: ಸಸ್ಯಾಹಾರಿಗಳು ನದಿ ದಡದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಹಟ ಬಿಡಬೇಕು. ಉತ್ತರ ಭಾರತೀಯ ಹೋಟೆಲುಗಳು ಅಲ್ಲಿವೆ, ಆದರೆ ನೀವು ಕೊಡುವ ಹಣದಲ್ಲಿ ದೊಡ್ಡ ಪಾಲು ನೀರಿನ ನೋಟಕ್ಕೆ. ಚೀನೀ, ಥಾಯ್ ಹೋಟೆಲುಗಳಲ್ಲಿ ತರಕಾರಿ ಎಂದು ಬರೆದ ತಿನಿಸಿನಲ್ಲೂ ಮೀನಿನ ಸಾಸ್, ಸಿಗಡಿ ಪೇಸ್ಟ್ ಇರಬಹುದು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು, ಇವುಗಳ ಹೆಸರು ಹಿಡಿದು ಕೇಳಬೇಕು. ಅದಕ್ಕಿಂತ ಸುಲಭದ ದಾರಿಯಿದೆ. ಕ್ಲಾರ್ಕ್ ಕೀ ನಿಲ್ದಾಣವಿರುವ ನೇರಳೆ ಬಣ್ಣದ ಮೆಟ್ರೊ ಮಾರ್ಗದಲ್ಲೇ ಲಿಟಲ್ ಇಂಡಿಯಾ ಎರಡು ನಿಲ್ದಾಣ ದೂರ, ಫೆರರ್ ಪಾರ್ಕ್ ಮೂರು. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಳ ವಿಲಾಸ್ ಇದೆ. ಅದೇ ರಸ್ತೆಯಲ್ಲಿ, ಪೆರುಮಾಳ್ ದೇವಸ್ಥಾನದ ಹತ್ತಿರ, ನಮ್ಮ ಎಂಟಿಆರ್ 2013ರಿಂದ ಇದೆ. ಹೊರಡುವ ಮುಂಚೆ ಅಲ್ಲಿ ರವೆ ಇಡ್ಲಿ, ದೋಸೆ ಮುಗಿಸಿ ನದಿಗೆ ಬಂದರೆ ದಡದ ಹೋಟೆಲಿನಲ್ಲಿ ಒಂದು ತಂಪು ಪಾನೀಯ, ಒಂದು ಐಸ್‌ಕ್ರೀಂ ಸಾಕು. ನೋಟವೂ ಸಿಕ್ಕಿತು, ಜೇಬೂ ಉಳಿಯಿತು.

ಮಾಂಸಾಹಾರಿಗಳಿಗೆ ಬೇರೆ ಎಚ್ಚರಿಕೆ ಬೇಕು. ಮೆಣಸಿನಕಾಯಿ, ಟೊಮೆಟೊ ಸಾರಿನಲ್ಲಿ ಮುಳುಗಿದ ಚಿಲ್ಲಿ ಕ್ರ್ಯಾಬ್ ಸಿಂಗಪುರದ ಹೆಮ್ಮೆ. 1950ರ ದಶಕದಲ್ಲಿ ಚೆರ್ ಯಾಮ್ ಟಿಯಾನ್ ಎಂಬ ಗೃಹಿಣಿ ಕಲ್ಲಾಂಗ್ ನದಿಯ ಬಳಿ ತಳ್ಳುಗಾಡಿಯಲ್ಲಿ ಮಾರಲು ಶುರು ಮಾಡಿದ ತಿನಿಸು ಅದು. ಇಂದು ಅದರ ಬೆಲೆ ತೂಕದ ಮೇಲೆ. ಮೆನುವಿನಲ್ಲಿ ಅಂದಿನ ಮಾರುಕಟ್ಟೆ ದರ ಎಂದಷ್ಟೇ ಬರೆದಿದ್ದರೆ, ನೂರು ಗ್ರಾಂಗೆ ಎಷ್ಟು, ಈ ಏಡಿ ಎಷ್ಟು ತೂಗುತ್ತದೆ ಎಂದು ಆರ್ಡರ್ ಕೊಡುವ ಮೊದಲೇ ಕೇಳಿ. ಬೋಟ್ ಕೀಯಲ್ಲಿ ಬಾಗಿಲಲ್ಲೇ ನಿಂತು ಕೈಹಿಡಿದು ಕರೆಯುವ ಕಡೆ ಇದನ್ನು ಕೇಳಲು ಸಂಕೋಚ ಬೇಡವೇ ಬೇಡ. ಕೇಳದೆ ಮೇಜಿಗೆ ಬರುವ ಕಡಲೆಕಾಯಿ, ಒದ್ದೆ ಟಿಶ್ಯೂ ಕೂಡ ಬಿಲ್ಲಿಗೆ ಸೇರಬಹುದು. ಬೇಡವಾದರೆ ಆಗಲೇ ವಾಪಸ್ ಕೊಡಿ.

ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆ ಕಂಡರೆ ಅದರ ಲೆಕ್ಕ ಹೀಗೆ. ಮೊದಲು ಶೇ 10 ಸೇವಾ ಶುಲ್ಕ, ಅದರ ಮೇಲೆ 2024ರ ಜನವರಿಯಿಂದ ಶೇ 9 ಜಿಎಸ್‌ಟಿ. ನೂರು ಡಾಲರ್ ತಿಂದರೆ ಬಿಲ್ಲು 119 ಡಾಲರ್ 90 ಸೆಂಟ್. ಸೇವಾ ಶುಲ್ಕ ಸೇರಿರುವುದರಿಂದ ಪ್ರತ್ಯೇಕ ಟಿಪ್ಸ್ ಕೊಡುವ ರೂಢಿ ಇಲ್ಲ. ಇಷ್ಟು ಖರ್ಚು ಬೇಡ ಎನ್ನುವವರು ಬೋಟ್ ಕೀ ದಾಟಿ ಹತ್ತು ಹದಿನೈದು ನಿಮಿಷ ನಡೆದರೆ 1894ರ ಎರಕದ ಕಬ್ಬಿಣದ ಕಟ್ಟಡದಲ್ಲಿ ಲಾವ್ ಪಾ ಸಾಟ್ ಆಹಾರ ಕೇಂದ್ರವಿದೆ. ಸಂಜೆ ಪಕ್ಕದ ರಸ್ತೆ ಮುಚ್ಚಿ ಕೆಂಡದ ಮೇಲೆ ಸಾಟೆ ಸುಡುತ್ತಾರೆ. ನದಿ ದಡದಿಂದ ಎದ್ದುಹೋದ ಬೀದಿ ಅಡುಗೆಯ ರುಚಿ ಉಳಿದಿರುವುದು ಇಂಥ ಕಡೆ. ಯುನೆಸ್ಕೊ 2020ರಲ್ಲಿ ಪಟ್ಟಿಗೆ ಸೇರಿಸಿದ್ದು ಈ ಸಂಸ್ಕೃತಿಯನ್ನು, ದಡದ ರೆಸ್ಟೋರೆಂಟುಗಳನ್ನಲ್ಲ.

ಮದ್ಯದ ಬಗ್ಗೆ ಒಂದು ಕಾನೂನು ನೆನಪಿರಲಿ. 2015ರ ಏಪ್ರಿಲ್‌ನಿಂದ ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಏಳರವರೆಗೆ ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಅಪರಾಧ. ಸೇತುವೆ, ದಡದ ಮೆಟ್ಟಿಲುಗಳೂ ಸಾರ್ವಜನಿಕ ಜಾಗಗಳೇ.

ಊಟ ಮುಗಿದ ಮೇಲೆ ಎಲ್ಗಿನ್ ಸೇತುವೆಯಿಂದ ಕೆಳಗೆ ನಡೆಯುವುದನ್ನು ಬಿಡಬೇಡಿ. ಒಂದು ಕಡೆ ಎರಡಂತಸ್ತಿನ ಹಳೆಯ ಅಂಗಡಿಮನೆಗಳು, ಅವುಗಳ ಬೆನ್ನಿಗೆ ಬ್ಯಾಂಕುಗಳ ಗೋಪುರಗಳು. ಗೋಪುರದ ಬುಡದಲ್ಲಿ ಕೊಲಂಬಿಯಾದ ಶಿಲ್ಪಿ ಬೊಟೇರೊ ಮಾಡಿದ ದಪ್ಪ ಹಕ್ಕಿ. ಆಚೆ ದಡದ ಏಷ್ಯನ್ ನಾಗರಿಕತೆಗಳ ಸಂಗ್ರಹಾಲಯದ ಬಳಿ ಒಬ್ಬ ಚೆಟ್ಟಿಯಾರ್ ಲೇವಾದೇವಿಗಾರ ಕಂಚಿನಲ್ಲಿ ಕೂತಿದ್ದಾನೆ. ಕ್ಯಾವನಾ ಸೇತುವೆಯ ಪಕ್ಕ ಬೆತ್ತಲೆ ಹುಡುಗರು ನದಿಗೆ ಹಾರುತ್ತಿರುವ ಶಿಲ್ಪವಿದೆ, ಚೋಂಗ್ ಫಾ ಚಿಯಾಂಗ್ ಅವರದು. ಸಂಗ್ರಹಾಲಯ ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಒಂಬತ್ತನೇ ಶತಮಾನದಲ್ಲಿ ಮುಳುಗಿದ ಹಡಗಿನ ಚೀನೀ ಪಿಂಗಾಣಿ ನೋಡುವ ಆಸೆಯಿದ್ದರೆ ಜನಸಂದಣಿಯ ಶುಕ್ರವಾರವನ್ನೂ ಸಹಿಸಿಕೊಳ್ಳಬಹುದು.

ಮೆರ್ಲಯನ್ ಬಳಿ ಬರುವ ಹೊತ್ತಿಗೆ ಒಂಬತ್ತಾಗಿದ್ದರೆ ಎದುರಿನ ಮರೀನಾ ಬೇ ಸ್ಯಾಂಡ್ಸ್ ಮುಂದಿನ ಬೆಳಕು, ಕಾರಂಜಿಯ ಹದಿನೈದು ನಿಮಿಷದ ಪ್ರದರ್ಶನ ಪುಕ್ಕಟೆ ಸಿಗುತ್ತದೆ. ಎಂಟಕ್ಕೂ ಒಂದು ಇರುತ್ತದೆ. ಹೊರಡುವ ದಿನ ಸಮಯವನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಅಲ್ಲಿಂದ ರಾಫಲ್ಸ್ ಪ್ಲೇಸ್ ಮೆಟ್ರೊ ನಿಲ್ದಾಣ ನಡೆಯುವಷ್ಟು ದೂರದಲ್ಲಿದೆ. ಲಿಟಲ್ ಇಂಡಿಯಾ ಕಡೆ ಉಳಿದುಕೊಂಡವರು ಧೋಬಿ ಘಾಟ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಸ್ಪರ್ಶರಹಿತ ಸೌಲಭ್ಯವಿರುವ ವೀಸಾ, ಮಾಸ್ಟರ್‌ಕಾರ್ಡ್ ಅನ್ನೇ ಗೇಟಿಗೆ ತಾಗಿಸಿ ಒಳಹೋಗಬಹುದು, ಟಿಕೆಟ್ ಸಾಲು ಇಲ್ಲ. ಕೊನೆಯ ರೈಲುಗಳು ಮಧ್ಯರಾತ್ರಿಯ ಆಸುಪಾಸಿಗೆ ಮುಗಿಯುತ್ತವೆ. ಹನ್ನೊಂದರೊಳಗೆ ನಿಲ್ದಾಣದಲ್ಲಿರಿ.